ಮೆದುಳು, ಮನಸ್ಸು ಮತ್ತು ನಮ್ಮ ಮಣ್ಣು

(ಕಾರ್ಕಳ ಪರಿಸರದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾಡು, ನದಿ, ಗುಡ್ಡಗಳ ಬಗ್ಗೆ ಮಾತನಾಡುವ ವೇದಿಕೆಯಲ್ಲಿ ಮೆದುಳು, ಮನಸ್ಸುಗಳ ವಿಚಾರವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನನ್ನ ಉತ್ತರ ಸರಳವಾದುದು. ನಾವು ಉಸಿರಾಡುವ ಗಾಳಿ, ಕುಡಿಯುವ ನೀರು, ಉಣ್ಣುವ ಅನ್ನದಲ್ಲಿರುವುದು ಶ್ವಾಸಕೋಶ, ಹೊಟ್ಟೆಗಳಲ್ಲಿಯೇ ನಿಲ್ಲುವುದಿಲ್ಲ, ಮೆದುಳನ್ನೂ ತಲುಪುತ್ತದೆ. ಮೆದುಳನ್ನು ತಲುಪಿದ್ದು ಮನಸ್ಸನ್ನೂ ನಡತೆಯನ್ನೂ ಮುಟ್ಟದೆ ಬಿಡುವುದಿಲ್ಲ.

ಮೆದುಳಿನ ತೂಕ ಸುಮಾರು 1.4 ಕಿಲೋ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟು. ಆದರೆ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಇಪ್ಪತ್ತರಷ್ಟು ಅದೊಂದಕ್ಕೇ ಬೇಕು. ಅದರಲ್ಲಿರುವ ಸುಮಾರು 8,600 ಕೋಟಿ ನರಕೋಶಗಳು ವಿದ್ಯುತ್ ಸಂಕೇತ ಮತ್ತು ರಾಸಾಯನಿಕಗಳ ಮೂಲಕ ಪರಸ್ಪರ ವ್ಯವಹರಿಸುತ್ತವೆ. ನೆನಪು, ಭಯ, ಸಿಟ್ಟು, ವಾತ್ಸಲ್ಯ ಇವೆಲ್ಲ ಈ ವ್ಯವಹಾರವಿಲ್ಲದೆ ನಡೆಯುವಂಥವಲ್ಲ.

1848ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತ್ಯದಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಾಸ್ ಗೇಜ್ ಎಂಬಾತನ ತಲೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಹೋಯಿತು. ಆತ ಬದುಕುಳಿದ. ಆದರೆ ಮೊದಲಿನ ಸಂಯಮ ಉಳಿದಿರಲಿಲ್ಲ. ಆತ ಹಿಂದಿನ ಗೇಜ್ ಅಲ್ಲವೆಂದು ಬಲ್ಲವರು ಹೇಳಿದರು. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ಆತ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಓಡಿಸಿ ದುಡಿದ. ಮೆದುಳಿಗೆ ಪೆಟ್ಟಾದರೆ ನಡತೆ ಬದಲಾಗುತ್ತದೆ. ಕ್ರಮಬದ್ಧ ದುಡಿಮೆ ದೊರೆತರೆ ಚೇತರಿಕೆಯೂ ಸಾಧ್ಯ.

ಇದೇ ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ನಿಂತ ಗೊಮ್ಮಟನನ್ನು ನೋಡಿ. ಶಿಲ್ಪಿ ಉಳಿ ಕೆಳಗಿಟ್ಟ ದಿನವೇ ಅವನ ರೂಪ ನಿಶ್ಚಯವಾಯಿತು. ಮೆದುಳು ಅಂಥ ಕಲ್ಲಲ್ಲ. ಕಲಿಕೆ, ನಿದ್ರೆ, ಸಹವಾಸ, ದುಃಖ, ಆಹಾರ, ವಿಷ ಇವೆಲ್ಲವೂ ಬದುಕಿನುದ್ದಕ್ಕೂ ಅದನ್ನು ಕಡೆಯುತ್ತಲೇ ಇರುತ್ತವೆ. ತಾಯಿಯ ಗರ್ಭದಲ್ಲಿ ಹಾಗೂ ಎಳವೆಯಲ್ಲಿ ಬೀಳುವ ಉಳಿಯ ಪೆಟ್ಟು ಎಲ್ಲಕ್ಕಿಂತ ಆಳವಾದುದು.

ನಮ್ಮ ಘಟ್ಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣಿಯ ಕಡಿತದಿಂದ ಹರಡುವ ವೈರಾಣು ಜ್ವರ. ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರಗಳ ಬಳಿಕ ಮತ್ತೆ ಮರುಕಳಿಸುತ್ತದೆ. ಆಗ ತೀವ್ರ ತಲೆನೋವು, ನಡುಕ, ದೃಷ್ಟಿದೋಷ, ಮನಸ್ಸಿನ ಗೊಂದಲ ಕಾಣಿಸಿಕೊಳ್ಳಬಹುದು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಅದು ಉಲ್ಬಣಿಸಿದಾಗ ಅನೇಕ ರೋಗಿಗಳು ಘಟ್ಟವಿಳಿದು ಮಣಿಪಾಲದ ಆಸ್ಪತ್ರೆಗೆ ಬಂದರು. ಅಂಥ ರೋಗಿಯೊಬ್ಬ ಅಸಂಬದ್ಧವಾಗಿ ಮಾತನಾಡಿದರೆ ಅದು ಅವನ ಗುಣವಲ್ಲ, ರೋಗದ ಲಕ್ಷಣ.

ಇನ್ನು ಎಂಡೋಸಲ್ಫಾನ್. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಈ ವಿಷವನ್ನು ಸುರಿಯಲಾಯಿತು. ದಕ್ಷಿಣ ಕನ್ನಡದ ಗೇರು ನೆಡುತೋಪುಗಳಲ್ಲಿಯೂ ಅದೇ ನಡೆಯಿತು. ನಮ್ಮ ಮೆದುಳಿನಲ್ಲಿ ನರಗಳ ಉದ್ರೇಕವನ್ನು ತಣಿಸುವ ‘ಗಾಬಾ’ ಎಂಬ ರಾಸಾಯನಿಕವಿದೆ. ಎಂಡೋಸಲ್ಫಾನ್ ಅದರ ಕೆಲಸಕ್ಕೆ ಅಡ್ಡಗಟ್ಟುತ್ತದೆ. ಲಗಾಮು ಕಳಚಿದ ನರಕೋಶಗಳು ಒಮ್ಮೆಗೇ ಕೆರಳಿದಾಗ ಬರುವುದೇ ಸೆಳವು, ಅಂದರೆ ಅಪಸ್ಮಾರ.

ಪಡ್ರೆ ಗ್ರಾಮದಲ್ಲಿ ಅಂಗವೈಕಲ್ಯ, ಅಪಸ್ಮಾರ, ಬುದ್ಧಿಮಾಂದ್ಯಗಳು ಮನೆಮನೆಯಲ್ಲಿ ಕಂಡಾಗ ಅದು ದೈವದ ಮುನಿಸೆಂದು ನಂಬಿದವರಿದ್ದರು. ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡುದನ್ನು ಗಮನಿಸಿ ಕಾರಣ ಹುಡುಕಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಅಧ್ಯಯನವು ಇತರ ಊರಿನ ಮಕ್ಕಳಿಗಿಂತ ಆ ಊರಿನ ಮಕ್ಕಳಲ್ಲಿ ನರ ಹಾಗೂ ವರ್ತನೆಯ ತೊಂದರೆಗಳು ಹೆಚ್ಚೆಂದು ಕಂಡುಕೊಂಡಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಇದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಸಂತ್ರಸ್ತರ ಪಟ್ಟಿಯಲ್ಲಿ ನಮ್ಮ ಉಡುಪಿ ಜಿಲ್ಲೆಯವರೂ ಇದ್ದಾರೆ.

ಶಾಪವೆಂದು ಕರೆದಷ್ಟು ದಿನ ಆ ತಾಯಂದಿರ ಪಾಲಿಗೆ ಉಳಿದದ್ದು ತಪ್ಪಿತಸ್ಥ ಭಾವನೆ ಮಾತ್ರ. ವಿಷವೆಂದು ಗುರುತಿಸಿದ ದಿನ ಹೊಣೆ ಯಾರದೆಂದು ಕೇಳುವುದು ಸಾಧ್ಯವಾಯಿತು. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಒಬ್ಬನ ನಡತೆಯನ್ನು ದೂಷಿಸುವ ಮೊದಲು ಅವನ ಮೆದುಳಿಗೆ ಏನಾಗಿದೆ ಎಂದು ಕೇಳಬೇಕು. ಅವನ ಸುತ್ತಲಿನ ಪರಿಸರಕ್ಕೆ ಏನಾಗಿದೆ ಎಂದೂ ಕೇಳಬೇಕು.

ಹಾಗೆಂದು ಮನುಷ್ಯ ಮೆದುಳಿನ ಕೈಗೊಂಬೆ ಎಂದು ನಾನು ಹೇಳುತ್ತಿಲ್ಲ. ಕುಡಿತದ ಚಟವನ್ನೇ ನೋಡಿ. ಪದೇ ಪದೇ ಬೀಳುವ ಮದ್ಯಕ್ಕೆ ಮೆದುಳು ಹೊಂದಿಕೊಳ್ಳುತ್ತದೆ. ಆಮೇಲೆ ಬಿಡಬೇಕೆಂಬ ಸಂಕಲ್ಪ ಒಂದರಿಂದಲೇ ಬಿಡುವುದು ಕಷ್ಟ. ದೀರ್ಘಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಭ್ರಮೆಗಳು ಬಂದು ಪ್ರಾಣಕ್ಕೂ ಅಪಾಯವಾದೀತು. ಆದ್ದರಿಂದ ವೈದ್ಯರ ನೆರವು ಬೇಕು. ಆದರೆ ಚಿಕಿತ್ಸೆಯ ಜೊತೆಗೆ ಮನೆಯವರ ಆಸರೆ, ಅವನದೇ ಪ್ರಯತ್ನ ಸೇರಿದಾಗ ಅದೇ ಮೆದುಳು ಹೊಸ ದಾರಿಯನ್ನೂ ಕಲಿಯುತ್ತದೆ.

ನಾವು ಮಾಡಬಹುದಾದುದು ಬಹಳವಿದೆ. ಅಪಸ್ಮಾರವಿರುವ ಮಗುವನ್ನು ಶಾಲೆ ಬಿಡಿಸಬೇಡಿ; ಸರಿಯಾದ ಔಷಧಿ ದೊರೆತರೆ ನೂರರಲ್ಲಿ ಎಪ್ಪತ್ತು ಮಂದಿ ಸೆಳವಿಲ್ಲದೆ ಬಾಳಬಲ್ಲರು. ದೈವಕ್ಕೆ ಹರಕೆ ಹೊರುವುದು ಅವರವರ ನಂಬಿಕೆ. ಆದರೆ ಹರಕೆಯ ನೆಪದಲ್ಲಿ ಚಿಕಿತ್ಸೆ ತಡವಾಗಬಾರದು. ಕಾಪುವಿನ ಕಡಲಂಚಿನವರಿಗಾಗಲಿ, ಘಟ್ಟದ ಬುಡದವರಿಗಾಗಲಿ ಮಣಿಪಾಲ, ಉಡುಪಿಗಳಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಗೆ ಹೋಗಲಾಗದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ವಿದ್ಯಾರ್ಥಿ ಮಿತ್ರರಿಗೊಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮೂರಿನ ತೋಟ, ಗದ್ದೆಗಳಿಗೆ ಯಾವ ಯಾವ ಔಷಧಿ ಸಿಂಪಡಿಸುತ್ತಾರೆ, ಸಿಂಪಡಿಸುವವರು ಮುಖ, ಕೈ ಮುಚ್ಚಿಕೊಳ್ಳುತ್ತಾರೆಯೇ, ಖಾಲಿ ಡಬ್ಬಿಗಳು ಯಾವ ತೋಡನ್ನು ಸೇರುತ್ತವೆ ಎಂದು ಬರೆದಿಡಿ. ಆ ತೋಡಿನ ನೀರು ಯಾರ ಬಾವಿಗೆ ಇಳಿಯುತ್ತದೆ ಎಂಬುದನ್ನೂ ಬರೆಯಿರಿ. ಪಡ್ರೆಯ ಸತ್ಯ ಹೊರಬಂದದ್ದು ಊರಿನವರೇ ಕಣ್ತೆರೆದು ನೋಡಿ ದಾಖಲಿಸಿದ್ದರಿಂದ. ನಮ್ಮ ಊರುಗಳಲ್ಲಿ ಆ ನೋಟ ಅನಾಹುತಕ್ಕಿಂತ ಮೊದಲೇ ಆರಂಭವಾಗಲಿ.