ಬಂಡಿಗೆ ಹೇರಿದ್ದೇ ಚಾರ್ಜು



ಕುಡತಿನಿಯ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರೆ ಸಾಕು, ಒಂದೇ ಇಂಗ್ಲಿಷ್ ಪದ ನಾನಾ ವೇಷದಲ್ಲಿ ಓಡಾಡುತ್ತಿರುತ್ತದೆ. ‘ಬಳ್ಳಾರಿಗೆ ಚಾರ್ಜ್ ಎಷ್ಟ್ರೀ?’ ‘ಫೋನ್ ಚಾರ್ಜ್ ಇಲ್ಲಪ್ಪೋ.’ ‘ಹೊಸ ಸಾಹೇಬ್ರು ಚಾರ್ಜ್ ತಗಂಡ್ರಂತೆ.’ ‘ಆ ಕೇಸಿಗೆ ಚಾರ್ಜ್‌ಶೀಟ್ ಹಾಕ್ಯಾರಂತೆ.’

ದುಡ್ಡು, ಕರೆಂಟು, ಅಧಿಕಾರ, ಆರೋಪ: ಎಲ್ಲಿಂದೆಲ್ಲಿಯ ನಂಟು? ನಂಟು ಇರುವುದು ಬಂಡಿಯಲ್ಲಿ. ಗಾಲ್ ಜನರ ಗಾಡಿಯ ಹೆಸರನ್ನು ರೋಮನ್ನರು ‘ಕಾರ್ರುಸ್’ ಎಂದು ಲ್ಯಾಟಿನ್ನಿಗೆ ತಂದುಕೊಂಡರು. ಅದರಿಂದ ‘ಕಾರ್ರಿಕಾರೆ’, ಅಂದರೆ ಬಂಡಿಗೆ ಹೇರು. ಇದೇ ಫ್ರೆಂಚಿನಲ್ಲಿ ಸವೆದು, ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಬಂಡಿಯ ಮೇಲಿನ ಹೇರು ಮನುಷ್ಯರ ಮೇಲಿನ ಭಾರವಾಗಿ, ತೆರಬೇಕಾದ ದುಡ್ಡು, ಹೊರಬೇಕಾದ ಹೊಣೆ, ಹೊರಿಸಿದ ಆರೋಪ ಎಲ್ಲವೂ ಚಾರ್ಜೇ ಆದವು. ಕಾರು, ಕಾರ್ಗೋ ಎಲ್ಲ ಇದರ ದಾಯಾದಿಗಳೇ. ಲಾಠಿ ಚಾರ್ಜಿನ ದಾರಿ ಮಾತ್ರ ತುಸು ಸುತ್ತು. ಅದು ದಂಡು ಮುನ್ನುಗ್ಗುವ ಅರ್ಥದಿಂದ ಬಂದದ್ದು.

ಬಂಡಿಗೆ ಹೇರುವ ಮಾತು ಬಂದೂಕಿಗೆ, ಫಿರಂಗಿಗೆ ಮದ್ದು ತುಂಬುವುದಕ್ಕೂ ಸಂದಿತು. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತು ಹಿಡಿದಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ, ಫಿರಂಗಿ ಸಾಲಿನ ಹೆಸರನ್ನೇ ಎತ್ತಿ ‘ಬ್ಯಾಟರಿ’ ಎಂದ. ಜಾಡಿಗೆ ವಿದ್ಯುತ್ತು ತುಂಬುವುದೂ ಚಾರ್ಜೇ ಆಯಿತು. ಇವತ್ತು ನಮ್ಮ ಜೇಬಿನಲ್ಲಿರುವುದು ಆ ಫಿರಂಗಿ ಭಾಷೆ!

ಕುಡತಿನಿಯವರಿಗೆ ಇದು ದೂರದ ಕಥೆಯಲ್ಲ. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೂರು ಘಟಕಗಳ ಸಾಮರ್ಥ್ಯ 1,700 ಮೆಗಾವ್ಯಾಟ್. ಅವು ಉರಿಯಬೇಕಾದರೆ ಕಲ್ಲಿದ್ದಲು ರೈಲು ಡಬ್ಬಿಗಳಲ್ಲಿ ಹೇರಿಕೊಂಡು ಬರಬೇಕು. ಬಂಡಿ ಇನ್ನೂ ಚಾರ್ಜಿನ ಜೊತೆ ಬಿಟ್ಟಿಲ್ಲ. ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋದರೆ, ಕುಲುಮೆಗೆ ಅದಿರು, ಕೋಕ್ ಸುರಿಯುವುದಕ್ಕೂ ಇದೇ ಮಾತು.

ನನಗೆ ಸೋಜಿಗ ಎನಿಸುವುದು ಬೇರೆ. ಕನ್ನಡ ಯಾರನ್ನೂ ಕೇಳದೆ ಇದೇ ಹಾದಿ ಹಿಡಿದಿದೆ. ಬಂಡಿಗೆ ಹುಲ್ಲು ಹೇರುವ ನಾವೇ ಜನರ ಮೇಲೆ ತೆರಿಗೆ ಹೇರುತ್ತೇವೆ. ಮೂಟೆ ಹೊರಿಸಿದಂತೆ ಆರೋಪ ಹೊರಿಸುತ್ತೇವೆ, ಹೊಣೆಯನ್ನೂ ಹೊರುತ್ತೇವೆ. ಇಷ್ಟಿದ್ದೂ ಪತ್ರಿಕೆಗಳಲ್ಲಿ ದಿನಾ ಓದುವುದು ‘ಅಧಿಕಾರ ಸ್ವೀಕರಿಸಿದರು’ ಎಂದೇ. ಅದರಲ್ಲಿ ಹಾರವಿದೆ, ಕುರ್ಚಿಯಿದೆ, ಭಾರ ಮಾತ್ರ ಇಲ್ಲ. ಸುದ್ದಿ ಬರೆಯುವ ಗೆಳೆಯರೇ, ಮುಂದಿನ ಸಲ ಯಾರಾದರೂ ಸಾಹೇಬರು ಚಾರ್ಜ್ ತೆಗೆದುಕೊಂಡಾಗ ‘ಹೊಣೆ ಹೊತ್ತರು’ ಎಂದು ಬರೆಯಿರಿ.