ಬಿಸಿಲು ಬಿದ್ದರೆ ಬಣ್ಣ ತಾಳುವ ಅಣು

ಮಕ್ಕಳೇ, ಪಾವಗಡದ ಬಿಸಿಲು ಎಂಥದ್ದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಕಡಿಮೆ, ಬಿಸಿಲು ಧಾರಾಳ. ಅದಕ್ಕೇ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ರೈತರಿಂದ ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಪಡೆದು, 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಕಟ್ಟಿದ್ದಾರೆ. 2018ರಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು.

ಸೋಲಾರ್ ಫಲಕದಲ್ಲಿ ಮೇಲೆ ಗಾಜು, ಒಳಗೆ ಸಿಲಿಕಾನ್ ಬಿಲ್ಲೆಗಳು. ಇವುಗಳ ನಡುವೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದರ ಹೆಸರು ಇವಿಎ. ಬೆಳಕನ್ನು ಒಳಗೆ ಬಿಡುವುದು, ಬಿಲ್ಲೆಯನ್ನು ಅಲುಗಾಡದಂತೆ ಹಿಡಿದಿಡುವುದು ಅದರ ಕೆಲಸ. ಇಂಥ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ರಸಾಯನ ವಿಜ್ಞಾನಿಗಳು ಬಿಲ್ಲೆಗಳ ಬದಲು ಅಣುಗಳನ್ನೇ ಹಿಡಿದಿಡುತ್ತಾರೆ!

ಕೆಲವು ಅಣುಗಳು ಬೆಳಕು ತಾಕಿದೊಡನೆ ಆಕಾರ ಬದಲಿಸುತ್ತವೆ. ಸ್ಪೈರೋಪೈರಾನ್ ಅವುಗಳಲ್ಲೊಂದು. ಇಸ್ರೇಲಿನ ಹಿರ್ಷ್‌ಬರ್ಗ್ ಮತ್ತು ಫಿಶರ್ ಎಂಬ ವಿಜ್ಞಾನಿಗಳು 1952ರಲ್ಲಿ ಇದರ ಗುಣವನ್ನು ವಿವರಿಸಿದರು. ಇದಕ್ಕೆ ಒಂದಕ್ಕೊಂದು ಅಡ್ಡವಾಗಿ ನಿಂತ ಎರಡು ಭಾಗಗಳಿವೆ. ಅವು ಹಾಗೆ ನಿಂತಿರುವಾಗ ಅಣುವಿಗೆ ಬಣ್ಣವಿಲ್ಲ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಒಳಗಿನ ಒಂದು ಬಂಧ ಕಳಚಿ, ಅಣು ಬಿಚ್ಚಿಕೊಂಡು ಚಪ್ಪಟೆಯಾಗುತ್ತದೆ. ಆಗ ನೀಲಿ ಅಥವಾ ನೇರಳೆ ಬಣ್ಣ ಬರುತ್ತದೆ. ನೆರಳಿಗೆ ತಂದರೆ ನಿಧಾನವಾಗಿ ಮತ್ತೆ ಮಡಚಿಕೊಳ್ಳುತ್ತದೆ, ಬಣ್ಣ ಮಾಯ.

ಇದನ್ನು ದ್ರವದಲ್ಲಿ ಕರಗಿಸಿಯೂ ನೋಡಬಹುದು. ಆದರೆ ಅಲ್ಲಿ ಅಣುಗಳು ಸದಾ ಅಲೆದಾಡುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅದಕ್ಕೆ ವಿಜ್ಞಾನಿಗಳು ಅಕ್ರಿಲಿಕ್‌ನಂಥ ಪ್ಲಾಸ್ಟಿಕ್ಕನ್ನೂ ಈ ಅಣುಗಳನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ತೆಳ್ಳಗೆ ಸುರಿದು ಒಣಗಲು ಬಿಡುತ್ತಾರೆ. ದ್ರಾವಕ ಆರಿಹೋದ ಮೇಲೆ, ಚಿಕ್ಕಿಯ ಪಾಕದಲ್ಲಿ ಕಡಲೆಬೀಜ ಸಿಕ್ಕಿಕೊಂಡಂತೆ ಅಣುಗಳು ಹಾಳೆಯೊಳಗೆ ಅಲ್ಲಲ್ಲೇ ನಿಲ್ಲುತ್ತವೆ. ಅಕ್ರಿಲಿಕ್ ಕಣ್ಣಿಗೆ ಕಾಣುವ ಬೆಳಕಿನ ಸುಮಾರು ಶೇ. 92ರಷ್ಟನ್ನು ಹಾಯಲು ಬಿಡುತ್ತದೆ. ಹಾಗಾಗಿ ಒಳಗಿನ ಅಣು ಏನು ಮಾಡುತ್ತಿದೆಯೆಂದು ಬೆಳಕು ಹಾಯಿಸಿಯೇ ಅಳೆಯಬಹುದು.

ಇಲ್ಲೊಂದು ಸೊಗಸಿದೆ. ಅಣು ಬಿಚ್ಚಿಕೊಳ್ಳಲು, ಮಡಚಿಕೊಳ್ಳಲು ಸುತ್ತ ಒಂದಿಷ್ಟು ಜಾಗ ಬೇಕು. ಬಿಗಿಯಾದ ಪ್ಲಾಸ್ಟಿಕ್ಕಿನಲ್ಲಿ ಅದು ತಡವರಿಸುತ್ತದೆ, ಮೆತ್ತನೆಯದರಲ್ಲಿ ಬೇಗ ಮರಳುತ್ತದೆ. ಅಂದರೆ ಅಣುವಿನ ಬಣ್ಣ ಎಷ್ಟು ಬೇಗ ಮಾಸುತ್ತದೆಂದು ಗಮನಿಸಿದರೆ, ಸುತ್ತಲಿನ ಪ್ಲಾಸ್ಟಿಕ್ಕಿನ ಒಳಗೆ ಎಷ್ಟು ಬಿಡುವಿದೆ ಎಂಬುದೂ ತಿಳಿಯುತ್ತದೆ. ಅಷ್ಟು ಪುಟ್ಟ ಜಾಗದ ಸುದ್ದಿಯನ್ನು ಒಂದು ಬಣ್ಣ ಹೇಳಬಲ್ಲದು!

ಬೆಳಕು ಕೆಡುಕನ್ನೂ ಮಾಡುತ್ತದೆ. ನೇರಳಾತೀತ ಕಿರಣ ವರ್ಷಗಟ್ಟಲೆ ಬಿದ್ದರೆ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಫಲಕಗಳು ಸುಮಾರು 25 ವರ್ಷ ಬಾಳಬೇಕು. ಆದ್ದರಿಂದ ಇವಿಎ ಹಾಳೆಗೆ ಆ ಕಿರಣವನ್ನು ಹೀರಿಕೊಳ್ಳುವ ಬೇರೆ ಬಗೆಯ ಅಣುಗಳನ್ನು ಬೆರೆಸುವುದುಂಟು. ಯಾವ ಅಣು ಎಷ್ಟು ಕಾಲ ತಾಳುತ್ತದೆ ಎಂದು ತಿಳಿಯಲು ಘನ ಹಾಳೆಯಲ್ಲಿ ನಡೆಸುವ ಪರೀಕ್ಷೆಗಳೇ ಬೇಕು.

ಬಣ್ಣ ತಾಳುವ ಅಣುಗಳನ್ನು ನೀವೂ ನೋಡಬಹುದು. ಬಿಸಿಲಿಗೆ ಹೋದರೆ ಕಪ್ಪಾಗುವ ಕನ್ನಡಕ ನಿಮ್ಮ ಅಜ್ಜಿಯದೋ ಮೇಷ್ಟ್ರದೋ ಇದ್ದರೆ, ಅದರ ಪ್ಲಾಸ್ಟಿಕ್ ಲೆನ್ಸಿನಲ್ಲಿರುವುದು ಇಂಥವೇ. ಹಳೆಯದೊಂದನ್ನು ಕೇಳಿ ಪಡೆಯಿರಿ. ಬಿಸಿಲಲ್ಲಿಟ್ಟು ಎರಡೂ ಲೆನ್ಸ್ ಕಪ್ಪಾದ ಮೇಲೆ ಮನೆಯೊಳಗೆ ತನ್ನಿ. ಎರಡು ಬಟ್ಟಲನ್ನು ಒತ್ತಿಗಿಟ್ಟು, ಒಂದು ಲೆನ್ಸನ್ನು ಮಡಕೆಯ ತಣ್ಣೀರಿನಲ್ಲಿ, ಇನ್ನೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ. ಬೆಚ್ಚಗಿನ ನೀರಿನದು ಮೊದಲು ತಿಳಿಯಾಗುತ್ತದೆ, ಏಕೆಂದರೆ ಶಾಖ ಅಣುವನ್ನು ಬೇಗ ಮಡಚಿಸುತ್ತದೆ. ಹಾಗಾದರೆ ಪಾವಗಡದ ಏಪ್ರಿಲ್ ಸೆಕೆಯಲ್ಲಿ ಈ ಕನ್ನಡಕ ಪೂರ್ತಿ ಕಪ್ಪಾಗುತ್ತದೆಯೇ? ಯೋಚಿಸಿ, ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಬಿಸಿಲಿಗೆ ಹೋಗಿ ನೋಡಿ.