ಮಕ್ಕಳ ಮನಸ್ಸಿಗೂ ಚಿಕಿತ್ಸೆ ಉಂಟು



ಶಿಕಾರಿಪುರ, ಸೊರಬದ ಹಳ್ಳಿಗಳ ತಾಯಂದಿರು ಹೇಳುವುದುಂಟು: “ಶಾಲೆಯ ಹೊತ್ತಿಗೆ ಮಗುವಿಗೆ ಹೊಟ್ಟೆನೋವು. ಭಾನುವಾರ ಏನೂ ಇಲ್ಲ.” ಮೊದಲು ವೈದ್ಯರು ದೇಹವನ್ನು ಪರೀಕ್ಷಿಸಲೇಬೇಕು. ಅದರಲ್ಲಿ ಏನೂ ಕಾಣದಿದ್ದರೆ ‘ಇದು ನಾಟಕ’ ಎಂದು ಹೊಡೆಯಬೇಡಿ. ಆ ನೋವು ನಿಜ. ಮನಸ್ಸಿನ ಅಂಜಿಕೆ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ.

6ರಿಂದ 12 ವರ್ಷದ ಮಗು ಓರಗೆಯವರೊಂದಿಗೆ ತನ್ನನ್ನು ಹೋಲಿಸಿಕೊಳ್ಳುತ್ತದೆ. ಮನೆಯ ಜಗಳ, ಸಾಲ, ಕುಡಿತ ಎಲ್ಲವನ್ನೂ ಗಮನಿಸುತ್ತದೆ. ಆದರೆ ತನ್ನ ದುಃಖವನ್ನು ದೊಡ್ಡವರಂತೆ ಬಿಡಿಸಿ ಹೇಳಲು ಅದಕ್ಕೆ ಬಾರದು. ಆದ್ದರಿಂದ ಮನೋಚಿಕಿತ್ಸಕರು ಆಟ, ಚಿತ್ರ, ಕಥೆಗಳ ಮೂಲಕ ಅದರ ಮಾತನ್ನು ಹೊರತರುತ್ತಾರೆ. ಮಗು ಬರೆದ ಮನೆಯ ಚಿತ್ರದಲ್ಲಿ ಒಬ್ಬರು ದೂರ ನಿಂತಿದ್ದರೆ, ಅವರ ಬಗ್ಗೆ ಮೆಲ್ಲಗೆ ಕೇಳುತ್ತಾರೆ. ಹೆದರಿಕೆಯನ್ನು ಬಾಯಿಬಿಟ್ಟು ಹೇಳುವುದು, ನಿಧಾನವಾಗಿ ಉಸಿರಾಡುವುದು, ಅಂಜಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು, ಇವನ್ನು ಕಲಿಸುತ್ತಾರೆ. ಇದಕ್ಕೆ ಹಲವು ವಾರ ಬೇಕು. ಎರಡು ಭೇಟಿಗೇ ನಿಲ್ಲಿಸಬೇಡಿ. ತಂದೆ-ತಾಯಿಯರೊಂದಿಗೂ ಮಾತನಾಡುತ್ತಾರೆ. ಮನೆ ಬದಲಾಗದೆ ಮಗು ಗುಣವಾಗುವುದು ಕಷ್ಟ.

ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಆಟ ಬಿಟ್ಟು ಮೂಲೆ ಸೇರಿದರೆ ವೈದ್ಯರಿಗೆ ತಿಳಿಸಿ. ‘ಸಾಯಬೇಕು’ ಎಂದರೆ ಅಂದೇ ಕರೆತನ್ನಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ-ಮಾನಸ್’ ದೂರವಾಣಿ 14416 ಉಚಿತ. ಹಗಲು-ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ.

ಮನೋವೈದ್ಯರ ಬಳಿ ಹೋದರೆ ಮಗುವಿಗೆ ‘ಹುಚ್ಚು’ ಎಂಬ ಹೆಸರು ಬಂದೀತೆಂದು ಹಿಂಜರಿಯಬೇಡಿ. ಇಂದು ರಾತ್ರಿ ಮಗುವಿನ ಪಕ್ಕ ಕುಳಿತು, ಬುದ್ಧಿವಾದ ಹೇಳದೆ, ಅದರ ಮಾತನ್ನು ಪೂರ್ತಿ ಕೇಳಿ. ಚಿಕಿತ್ಸೆಯ ಮೊದಲ ಹೆಜ್ಜೆ ಅದೇ.